ನಕ್ಕರೆ ಮಾತ್ರ ಹೊಡೆಯುವ ಕ್ಯಾಮೆರಾ

ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಶಾಂತವೀರಪ್ಪನಿಗೆ ಈ ಭೂಮಿ ಮೇಲೆ ಹೆದರಿಕೆ ಅಂತ ಇದ್ದದ್ದು ಒಂದೇ ಒಂದಕ್ಕೆ. ಅದು ಹುಲಿಯಲ್ಲ, ಹಾವಲ್ಲ, ತಹಶೀಲ್ದಾರನೂ ಅಲ್ಲ. ಚಳ್ಳಕೆರೆಯ ಒಂದು ಕಬ್ಬಿಣದ ಕುರ್ಚಿ.

ಆ ಕುರ್ಚಿ ಇದ್ದದ್ದು ಹೆಂಡತಿ ಶಿವಬಸಮ್ಮನ ತಮ್ಮ ಸಿದ್ದಲಿಂಗೇಶನ ಎಣ್ಣೆ ಮಿಲ್ಲಿನ ಗೇಟಿನಲ್ಲಿ. ಶೇಂಗಾ ತುಂಬಿದ ಲಾರಿ ಒಳಗೆ ಬಂದರೆ ಎದ್ದು ನಿಲ್ಲಬೇಕು, ಲಾರಿ ಹೊರಗೆ ಹೋದರೆ ಕೂರಬೇಕು, ನಡುವೆ ಸಿದ್ದಲಿಂಗೇಶ ಹಾದುಹೋದರೆ ಮತ್ತೆ ಎದ್ದು ನಿಲ್ಲಬೇಕು. ಇದಕ್ಕೆ ಸಿದ್ದಲಿಂಗೇಶ ಇಟ್ಟಿದ್ದ ಹೆಸರು ಸೂಪರ್‌ವೈಸರ್. "ಭಾವ ಮನೇಲಿ ಸುಮ್ನೆ ಕೂತು ಏನ್ ಮಾಡ್ತಾರಕ್ಕ? ಅಲ್ಲಿ ಕೂರೋದನ್ನ ಇಲ್ಲಿ ಕೂತ್ಕಳ್ಲಿ" ಅಂತ ಅವನು ಹಬ್ಬಕ್ಕೊಮ್ಮೆ ಅಕ್ಕನ ಕಿವಿ ಊದುತ್ತಿದ್ದ. ಬಾಮೈದನ ಮುಂದೆ ದಿನಕ್ಕಿಷ್ಟು ಸಲ ಎದ್ದು ಕೂರುವುದಕ್ಕಿಂತ ಜೈಲು ವಾಸಿ ಎಂಬುದು ಶಾಂತವೀರಪ್ಪನ ಖಚಿತ ಅಭಿಪ್ರಾಯ. (ಜೈಲಿನಲ್ಲಿ ಕನಿಷ್ಠ ಅಧಿಕಾರಿಗಳು ಹೆಂಡತಿ ಕಡೆಯವರಾಗಿರುವುದಿಲ್ಲ.)

ಅಪ್ಪನ ಕಾಲದ ಸೀರೆ ಅಂಗಡಿ ಗಿರಾಕಿ ಕಾಣದೆ ಬಾಗಿಲು ಹಾಕಿದ ಮೇಲೆ ಆ ಕುರ್ಚಿ ಆತನ ಕನಸಿಗೇ ಬರತೊಡಗಿತ್ತು. ಆಗ ಕೈಹಿಡಿದವಳು ಶಿವಬಸಮ್ಮನೇ. ಮಗ್ಗದವರಿಂದ ಸೀರೆ ತರುವುದು, ನಡುಮನೆಯಲ್ಲಿ ಹಗ್ಗಕ್ಕೆ ನೇತುಹಾಕಿ ಫೋನಿನಲ್ಲಿ ಫೋಟೋ ಹೊಡೆಯುವುದು, ವಾಟ್ಸಾಪಿನಲ್ಲಿ ಕಳಿಸುವುದು, ಒಪ್ಪಿದವರಿಗೆ ಪಾರ್ಸೆಲ್. ಎಲ್ಲ ಸರಿಯಿತ್ತು, ಬಣ್ಣ ಒಂದು ಬಿಟ್ಟು. ಅವಳು ಆರಿಸಿ ತರುತ್ತಿದ್ದದ್ದು ಹಾಸಿನ ದಾರ ಒಂದು ಬಣ್ಣ, ಹೊಕ್ಕಿನ ದಾರ ಇನ್ನೊಂದು ಬಣ್ಣ ಇರುವ ರೇಷ್ಮೆ ಸೀರೆಗಳನ್ನು. ಹೀಗೆ ತಿರುಗಿಸಿದರೆ ನೀಲಿ, ಹಾಗೆ ತಿರುಗಿಸಿದರೆ ಹಸಿರು, ಚುನಾವಣೆ ಹತ್ತಿರ ಬಂದಾಗಿನ ಪುಢಾರಿಯ ಹಾಗೆ. ಫೋನಿಗೆ ಈ ಎರಡು ಬಣ್ಣದ ರಾಜಕೀಯ ಅರ್ಥವಾಗುತ್ತಿರಲಿಲ್ಲ. ತನಗೆ ಹಿತವಾದ ಒಂದು ಬಣ್ಣವನ್ನು ಹಿಡಿದು, ಅದಕ್ಕೂ ಒಂದಿಷ್ಟು ಪೌಡರ್ ಬಳಿದು ಕಳಿಸಿಬಿಡುತ್ತಿತ್ತು.

ದಾವಣಗೆರೆಯ ಅನ್ನಪೂರ್ಣಮ್ಮ ಎಂಬಾಕೆ ಮಗಳ ಮದುವೆಗೆ ಅಂತ ಮೊದಲೊಂದು ಸೀರೆ ತರಿಸಿಕೊಂಡು, ಅದನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿ ಫೋನ್ ಮಾಡಿದರು.

"ಏನ್ರಮ್ಮ ಇದು? ಫೋಟೋದಾಗೆ ನವಿಲು, ಪಾರ್ಸೆಲ್ ಬಿಚ್ಚಿದ್ರೆ ಬದನೆಕಾಯಿ! ಮದ್ವೆ ಸೀರೆ ಅಷ್ಟೂ ನಿಮ್ಮತ್ರನೇ ತಗಬೇಕು ಅಂತಿದ್ವಿ. ಇನ್ನೊಂದ್ಸಲ ನೋಡ್ತೀವಿ. ಸೋಮವಾರ ಸಂಜೆ ಒಳಗೆ ಸರಿಯಾಗಿ ಬಣ್ಣ ಕಾಣೋ ಫೋಟೋ ಕಳಿಸ್ರಿ. ಇಲ್ಲಾಂದ್ರೆ ಧರ್ಮಾವರಕ್ಕೆ ಹೋಗ್ತೀವಿ."

ಮೊಳಕಾಲ್ಮೂರಿನವರ ಕಿವಿಗೆ, ರೇಷ್ಮೆ ಸೀರೆಗೇ ಹೆಸರಾದ ಆಂಧ್ರದ ಧರ್ಮಾವರದ ಹೆಸರು ಹಾಕುವುದು ಅಂದರೆ ಹೊಸ ಅಳಿಯನ ಮುಂದೆ ತಪ್ಪಿಹೋದ ಹಳೇ ಸಂಬಂಧ ಎತ್ತಿದ ಹಾಗೆ. ಶಿವಬಸಮ್ಮ ಫೋನ್ ಇಟ್ಟವಳೇ ಗಂಡನ ಕಡೆ ತಿರುಗಿದಳು.

"ಕೇಳಿಸ್ತೇನ್ರಿ? ಈ ಮದ್ವೆ ಕೈಬಿಟ್ರೆ ವ್ಯಾಪಾರ ಮುಗೀತು. ಮನೆ ಬೀಗ ಹಾಕ್ಕಂಡು ಚಳ್ಳಕೆರೆಗೆ ಹೋಗೋದೇ. ಸಿದ್ದು ಕುರ್ಚಿ ಒರೆಸಿ ಇಟ್ಟಾನೆ."

"ಕ್ಯಾಮೆರಾ ತರ್ತೀನಿ" ಅಂದ ಶಾಂತವೀರಪ್ಪ. ಅಂಥ ವೇಗದಲ್ಲಿ ಆತ ಹಿಂದೆ ಯಾವ ಮಾತಿಗೂ ಉತ್ತರ ಕೊಟ್ಟಿರಲಿಲ್ಲ.

"ಸೀರೆ ಬಣ್ಣ ಇದ್ದಂಗೆ ಬರೋ ಕ್ಯಾಮೆರಾ. ಅಷ್ಟು ಹೇಳಿ ತರ್ರಿ, ಸಾಕು."

"ನಂಗೆ ಹೇಳ್ಕೊಡ್ತೀಯ? ವಸ್ತು ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ಶಿವಬಸಮ್ಮ ಮೂಲೆ ನೋಡಿದಳು. ಅಲ್ಲಿ ಆತನೇ ನೋಡಿ ತಂದ ಮಿಕ್ಸಿ, ತನ್ನ ಮೊದಲ ಚಟ್ನಿಯನ್ನು ಛಾವಣಿಗೆ ಅರ್ಪಿಸಿ ಮುಸುಕು ಹಾಕಿಕೊಂಡು ಕೂತಿತ್ತು.

ಭಾನುವಾರ ಚಳ್ಳಕೆರೆ ಬಸ್ಸು ಹತ್ತಿ ಶಾಂತವೀರಪ್ಪ ಅಮರೇಶನ ಕ್ಯಾಮೆರಾ ಅಂಗಡಿಗೆ ಹೋದ. ಅಮರೇಶ ಮದುವೆ, ನಾಮಕರಣಗಳ ಫೋಟೋ ತೆಗೆಯುತ್ತ, ಪಕ್ಕದಲ್ಲಿ ಕ್ಯಾಮೆರಾನೂ ಮಾರುತ್ತಿದ್ದ ಚುರುಕು ಮನುಷ್ಯ. ಕೂರಿಸಿ, ಟೀ ತರಿಸಿ, ಕೇಳಬೇಕಾದ್ದನ್ನೇ ಕೇಳಿದ.

"ಯಾತಕ್ಕೆ ಬೇಕು ಯಜಮಾನ್ರೇ?"

ಹೆಂಡತಿಯ ಸೀರೆ ವ್ಯಾಪಾರಕ್ಕೆ ಅಂತ ಬಾಯಿಗೆ ಬಂದಿತ್ತು. ಆದರೆ ಇದು ಬಾಮೈದನ ಊರು. ಇಲ್ಲಿ ಆಡಿದ ಮಾತು ಆತ ಬಸ್ಸು ಹತ್ತುವ ಮೊದಲೇ ಮಿಲ್ಲಿನ ಗೇಟು ದಾಟಿರುತ್ತದೆ. ಶಾಂತವೀರಪ್ಪ ಮಾತು ನುಂಗಿ, "ಎಲ್ಲದಕ್ಕೂ" ಅಂದ.

"ಎಲ್ಲದಕ್ಕೂ ಅಂದ್ರೆ? ಮದ್ವೆಗಾ? ಹಕ್ಕಿ ಗಿಕ್ಕಿ ತೆಗೀತೀರಾ? ಇಲ್ಲ, ಜಮೀನು ತಕರಾರು ಏನಾದ್ರೂ ಐತಾ?"

"ಎಲ್ಲದಕ್ಕೂ ಅಂದ್ರೆ ಎಲ್ಲದಕ್ಕೂ ಕಣಪ್ಪ."

ಅಮರೇಶ ಒಂದು ಸಣ್ಣ ಕಪ್ಪು ಕ್ಯಾಮೆರಾ ಮುಂದಿಟ್ಟ. "ಹಂಗಾದ್ರೆ ಇದು ತಗಳ್ರಿ. ಬಣ್ಣ ಇದ್ದಂಗೆ ಬರ್ತೈತೆ. ಒತ್ತಿದ್ರೆ ಫೋಟೋ, ಅಷ್ಟೇ. ಬಟ್ಟೆ ಅಂಗಡಿಯೋರೆಲ್ಲ ಇದನ್ನೇ ಒಯ್ತಾರೆ."

ಬೇಕಾದ ವಸ್ತು ಬೇಕಾದ ಮಾತಿನ ಸಮೇತ ಎದುರಿಗೇ ಬಂದು ಕೂತಿತ್ತು. ಆದರೆ 'ಬಟ್ಟೆ ಅಂಗಡಿ' ಅಂದದ್ದೇ ಶಾಂತವೀರಪ್ಪ ಕಳ್ಳನ ಹಾಗೆ ಬೆಚ್ಚಿದ. "ನಾನು ಬಟ್ಟೆ ಅಂಗಡಿಯೋನು ಅಂತ ಯಾರಂದ್ರು ನಿಂಗೆ? ಸೋಪಿನ ಡಬ್ಬಿ ಇದ್ದಂಗೈತೆ ಇದು. ದೊಡ್ಡದು ತೋರ್ಸು."

ದೊಡ್ಡದು ಬಂತು. ಅದರ ಮೂತಿ ಗುಂಡಿ ಒತ್ತಿದರೆ ಆಮೆಯ ಕತ್ತಿನ ಹಾಗೆ ಹೊರಗೆ ಬರುತ್ತಿತ್ತು. ಅಂಗಡಿ ಬಾಗಿಲಲ್ಲಿ ನಿಂತು ನೋಡಿದರೆ ರಸ್ತೆಯಾಚೆ ಹೋಟೆಲಿನ ಉದ್ದಿನವಡೆಯ ತೂತು ಕಾಣಿಸಿತು, ತೂತಿನಾಚೆ ಅಡುಗೆಭಟ್ಟರ ಬನಿಯನ್ನಿನ ತೂತೂ ಕಾಣಿಸಿತು. ಶಾಂತವೀರಪ್ಪನಿಗೆ ರೋಮಾಂಚನವಾಯಿತು. ವಡೆಯ ತೂತಿಗೂ ಸೀರೆ ವ್ಯಾಪಾರಕ್ಕೂ ಏನು ಸಂಬಂಧ ಅಂತ ಆ ಘಳಿಗೆಯಲ್ಲಿ ಹೊಳೆಯಲಿಲ್ಲ.

"ಇನ್ನೊಂದು ನೋಡ್ರಿ ಇದ್ರದ್ದು" ಅಂತ ಅಮರೇಶ ಕ್ಯಾಮೆರಾ ತನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟು, ಎರಡೂ ಕೈ ಮೇಲೆತ್ತಿ ಹಲ್ಲು ಬಿಟ್ಟ. ಕ್ಯಾಮೆರಾ ತಾನೇ ಟಕ್ ಅಂದಿತು. "ಕಂಡ್ರಾ? ಮುಟ್ಟೋದೇ ಬ್ಯಾಡ. ಮುಖ ಹುಡುಕ್ತೈತೆ, ನಗೋತನಕ ಕಾಯ್ತೈತೆ, ನಕ್ಕ ತಕ್ಷಣ ಹೊಡೀತೈತೆ."

ಮನುಷ್ಯರು ನಗಲಿ ಅಂತ ಕಾಯುವ ಯಂತ್ರ! ಶಾಂತವೀರಪ್ಪ ಅದಕ್ಕೆ ಮರುಳಾದ. ಆತನ ಮಟ್ಟಿಗೆ ಅದು ಎಷ್ಟು ದಿನ ಕಾಯಬೇಕಾದೀತು ಎಂಬ ಯೋಚನೆ ಬರಲಿಲ್ಲ. ಮದುವೆ ಫೋಟೋದಲ್ಲೂ ಆತ ಕಂಟ್ರಾಕ್ಟರನ ಬಿಲ್ಲು ನೋಡುತ್ತಿರುವ ಇಂಜಿನಿಯರನ ಹಾಗೆ ನಿಂತವನು. ನಕ್ಕರೆ ಸಾಲ ಕೇಳುತ್ತಾರೆ ಅಂತ ಅಪ್ಪ ಕಲಿಸಿದ ವಿದ್ಯೆಯನ್ನು ಅಂಗಡಿ ಮುಚ್ಚಿದ ಮೇಲೂ ಬಿಟ್ಟಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ರೈತನೊಬ್ಬ, "ಏನ್ರಿ ಅದು, ಜಮೀನು ಅಳೆಯೋದಾ?" ಅಂತ ಕೇಳಿದ. ಶಾಂತವೀರಪ್ಪ ಕ್ಯಾಮೆರಾದ ಮಹಿಮೆ ವಿವರಿಸಲು ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದ. ಊರ ಹತ್ತಿರದ ಹಾನಗಲ್ಲು ಬರುವಷ್ಟರಲ್ಲಿ ಪರದೆಯ ಮೇಲಿದ್ದ ಇಂಗ್ಲಿಷು ಎದ್ದುಹೋಗಿ, ಆ ಜಾಗದಲ್ಲಿ ಸಣ್ಣ ಸಣ್ಣ ಗೂಡು ಕಟ್ಟಿದಂಥ ಅಕ್ಷರಗಳು ಬಂದು ಕೂತಿದ್ದವು. ಚೀನಾದ್ದೋ ಜಪಾನಿನದ್ದೋ ಶಿವನೇ ಬಲ್ಲ. ತೆಲುಗಾದರೂ ಆಗಿದ್ದರೆ ಮೊಳಕಾಲ್ಮೂರಿನಲ್ಲಿ ಬೀದಿಗಿಬ್ಬರು ಓದಿ ಹೇಳುತ್ತಿದ್ದರು. ಇರಲಿ, ಫೋಟೋ ಹೊಡೆಯಲು ಓದು ಯಾಕೆ ಅಂತ ಆತ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

ಸೋಮವಾರ ಮಧ್ಯಾಹ್ನ. ನಡುಮನೆಯ ಹಗ್ಗದ ಮೇಲೆ ನವಿಲುಗತ್ತಿನ ಬಣ್ಣದ ಸೀರೆ ಹರಡಿತ್ತು. ಕೆಳಗೆ ಚಾಪೆ ಮೇಲೆ ಉಳಿದ ಸೀರೆಗಳು ತಮ್ಮ ಪಾಳಿಗೆ ಕಾದಿದ್ದವು. ಶಾಂತವೀರಪ್ಪ ಕಾಲು ಅಗಲಿಸಿ ನಿಂತು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಜೋರಾಗಿ ಒತ್ತಿದ. ಪರದೆಯ ಮೇಲೆ ಒಂದು ಹಳದಿ ಚೌಕ ಹುಟ್ಟಿಕೊಂಡು ಸೀರೆಯ ತುಂಬ ಅಲೆದಾಡಿತು. ಅಂಚು ನೋಡಿತು, ಒಡಲು ನೋಡಿತು, ಸೆರಗಿಗೆ ಬಂದು ಜರಿಯ ನವಿಲಿನ ಮೇಲೆ ಒಂದು ಕ್ಷಣ ಆಸೆಯಿಂದ ನಿಂತಿತು. ನವಿಲು ನಗಲಿಲ್ಲ. ಚೌಕ ಮುಂದೆ ಹೋಯಿತು.

ಆಗ ಶಾಂತವೀರಪ್ಪನಿಗೆ ಬೆವರು ಕಿತ್ತುಕೊಂಡಿತು. ಕ್ಯಾಮೆರಾ ಅಮರೇಶ ತೋರಿಸಿದ ಆ ನಗುವಿನ ಆಟದಲ್ಲೇ ಉಳಿದುಬಿಟ್ಟಿತ್ತು. ಅದನ್ನು ತಪ್ಪಿಸುವ ದಾರಿ ಆ ಗೂಡಿನಕ್ಷರಗಳ ಒಳಗೆಲ್ಲೋ ಇತ್ತು. ಅಮರೇಶನಿಗೆ ಫೋನ್ ಮಾಡಿದರೆ ಅವನು ನಾಯಕನಹಟ್ಟಿ ಕಡೆ ಯಾವುದೋ ಮದುವೆಯಲ್ಲಿದ್ದ. ವಾಲಗದ ನಡುವೆ ಅವನಿಗೆ ಕೇಳಿದ್ದೇ ಕಷ್ಟ. "ಏನೂ ಒತ್ಬ್ಯಾಡ್ರಿ ಯಜಮಾನ್ರೇ! ನಗ್ರಿ! ತಾನೇ ಹೊಡೀತೈತೆ!" ಅಂತ ಕೂಗಿದ. ಅಷ್ಟರಲ್ಲಿ ಅಲ್ಲಿ ಗಟ್ಟಿಮೇಳ ಶುರುವಾಯಿತು, ಫೋನ್ ಕಟ್ಟಾಯಿತು.

"ಏನಂತ್ರಿ?" ಅಂದಳು ಶಿವಬಸಮ್ಮ.

ಶಾಂತವೀರಪ್ಪ ಗೋಡೆಗೆ ಹೇಳುವ ಹಾಗೆ ಹೇಳಿದ. "ಇದು ನಕ್ರೆ ಮಾತ್ರ ಹೊಡೀತೈತಂತೆ."

"ಸೀರೆ ನಗುತ್ತೇನ್ರಿ?"

"ಇಲ್ಲ."

"ನೀವು ನಗ್ತೀರೇನ್ರಿ?"

ಶಾಂತವೀರಪ್ಪ ಕ್ಯಾಮೆರಾ ಮಗುಚಿ ಅದರ ತಳ ನೋಡಿದ.

"ಎಂಥದ್ದು ತಂದ್ರಿ! ಬಣ್ಣ ಇದ್ದಂಗೆ ಬರೋದು ತರ್ರಿ ಅಂದ್ರೆ, ಹಲ್ಲು ಎಣಿಸೋದು ತಂದೀರಿ! ತಮ್ಮಂಗೆ ಈಗ್ಲೇ ಫೋನ್ ಹಚ್ತೀನಿ ತಡೀರಿ, ಟೆಂಪೋ ಕಳಿಸು, ಸಾಮಾನು ಕಟ್ಟೀವಿ ಅಂತ."

ಅದೇ ಹೊತ್ತಿಗೆ ಮಗ್ಗದಿಂದ ಆಗತಾನೇ ಇಳಿಸಿದ ಕೊನೆಯ ಸೀರೆ ಹಿಡಿದುಕೊಂಡು ನೇಕಾರ ಯರ್ರಪ್ಪ ಬಂದ. ಕತೆಯೆಲ್ಲ ಕೇಳಿಸಿಕೊಂಡು, ಹೊಟ್ಟೆ ಹಿಡಿದು ನಕ್ಕು, ಕಣ್ಣೊರೆಸಿಕೊಂಡು ಅಂದ. "ಯಾರಾರ ಒಬ್ರು ಸೀರೆ ಹೆಗಲಿಗೆ ಹಾಕ್ಕಂಡು ಅದ್ರ ಮುಂದೆ ನಿಂತು ನಕ್ಬಿಡ್ರಿ. ಅದ್ಕೆ ಬೇಕಾದ್ದು ಮುಖ ತಾನೆ?"

"ಸರಿ. ಬಸಮ್ಮ, ಹಾಕ್ಕೋ" ಅಂದ ಶಾಂತವೀರಪ್ಪ, ಬದುಕಿದೆ ಅಂತ.

ಶಿವಬಸಮ್ಮ ಹಾವು ತುಳಿದವಳ ಹಾಗೆ ಹಿಂದೆ ಸರಿದಳು. "ಮದ್ವೆ ಸೀರೆ ಕಣ್ರಿ ಇವು! ನಾನು ಮೈಮೇಲೆ ಹಾಕ್ಕಂಡ್ರೆ ಉಟ್ಟ ಸೀರೆ ಅನ್ನಲ್ವಾ ಅವ್ರು? ಬೇರೆ ಹೆಂಗಸು ಉಟ್ಟಿದ್ದನ್ನ ಮದುಮಗಳಿಗೆ ಕೊಡ್ತಾರಾ? ಸೀರೆ ಅಂಗಡೀಲಿ ಗಿರಾಕಿಗೆ ತೋರ್ಸೋರು ಯಾರು? ಗಂಡಸ್ರೇ. ಗಂಡಸು ಹಾಕ್ಕಂಡ್ರೆ ಅದು ತೋರ್ಸಿದ್ದು, ಹೆಂಗಸು ಹಾಕ್ಕಂಡ್ರೆ ಅದು ಉಟ್ಟಿದ್ದು. ನಿಮ್ಮಪ್ಪ ಜೀವಮಾನವೆಲ್ಲ ಹೆಗಲಿಗೆ ಸೀರೆ ಹಾಕ್ಕಂಡು ತಿರುಗಿ ತಿರುಗಿ ತೋರ್ಸಿದ್ರು, ಗೊತ್ತಿಲ್ವಾ?"

ಗೊತ್ತಿತ್ತು. ಅದಕ್ಕೇ ಶಾಂತವೀರಪ್ಪ ಅಂಗಡಿ ನಡೆಸಿದ ಅಷ್ಟೂ ವರ್ಷ ಗಲ್ಲಾದ ಹಿಂದಿನಿಂದ ಏಳದೆ, ಆ ಕೆಲಸವನ್ನು ಆಳಿಗೆ ಬಿಟ್ಟಿದ್ದ. ಈಗ ಯರ್ರಪ್ಪನ ಕಡೆ ನೋಡಿದ.

"ನಾನು ನೇಯೋನು ಸಾವ್ಕಾರ್ರೇ. ಮಾರೋರು ನೀವು" ಅಂತ ಯರ್ರಪ್ಪ ಕಂಬದ ಹಿಂದೆ ಸರಿದ.

ಹೀಗೆ ಒಂದು ಕಡೆ ಮಾನ, ಇನ್ನೊಂದು ಕಡೆ ಕಬ್ಬಿಣದ ಕುರ್ಚಿ. ಶಾಂತವೀರಪ್ಪ ಕುರ್ಚಿಯನ್ನು ನೆನೆದು ಮಾನವನ್ನು ಕೆಳಗಿಟ್ಟ. ಶಿವಬಸಮ್ಮ ಬಿಳಿ ಅಂಗಿಯ ಮೇಲೆ ಎಡ ಹೆಗಲಿಗೆ ಸೆರಗು ಇಳಿಬಿಟ್ಟು, ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದಳು. ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಅಕ್ಕಿ ಡಬ್ಬಿಗೆ ಆನಿಸಿ ಇಟ್ಟಳು. ಹಳದಿ ಚೌಕ ಬಂದು ಶಾಂತವೀರಪ್ಪನ ಮುಖಕ್ಕೆ ಅಂಟಿಕೊಂಡು ಕಾಯತೊಡಗಿತು.

"ನಗ್ರಿ."

ಶಾಂತವೀರಪ್ಪ ತುಟಿ ಎಳೆದ. ಚೌಕ ಕದಲಲಿಲ್ಲ.

"ಅದು ನಗು ಅಲ್ಲ ಕಣ್ರಿ, ಹಲ್ಲುನೋವು. ಬಾಯಿ ಬಿಡ್ರಿ."

ಬಾಯಿ ಬಿಟ್ಟ. ದವಡೆ ನೋಯುವ ತನಕ ಬಿಟ್ಟ. ಕ್ಯಾಮೆರಾ ಅದನ್ನೂ ನಗುವೆಂದು ಒಪ್ಪಲಿಲ್ಲ. "ಕೊಂಚೆಂ ನವ್ವಂಡಿ ಸಾವ್ಕಾರ್ರೇ" ಅಂತ ಕಂಬದ ಹಿಂದಿನಿಂದ ಯರ್ರಪ್ಪ ತೆಲುಗಿನಲ್ಲೂ ಬೇಡಿಕೊಂಡ. ಯಾವ ಭಾಷೆಯಲ್ಲೂ ನಗು ಬರಲಿಲ್ಲ. ಕಿಟಕಿಯ ಬಿಸಿಲು ಮೆಲ್ಲಗೆ ಗೋಡೆ ಹತ್ತುತ್ತಿತ್ತು.

ಶಿವಬಸಮ್ಮ ಬಿಸಿಲು ನೋಡಿದಳು, ಸೀರೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಏನು ನಿಶ್ಚಯ ಮಾಡಿದಳೋ, ಒಳಗೆ ಹೋಗಿ ದಿಂಬು ತಂದು ಹೊಟ್ಟೆಗೆ ಸಿಕ್ಕಿಸಿಕೊಂಡು ಕುರ್ಚಿ ಮೇಲೆ ಕೂತಳು. ಕೂತು, ಎತ್ತಿನ ಬೆನ್ನು ತಟ್ಟುವ ಹಾಗೆ ಹೊಟ್ಟೆಯನ್ನು ಎರಡು ಸಲ ತಟ್ಟಿ, ಫೋನನ್ನು ತಲೆಕೆಳಗಾಗಿ ಕಿವಿಗಿಟ್ಟುಕೊಂಡು ಗಂಟಲು ದಪ್ಪ ಮಾಡಿ ಕೂಗಿದಳು. "ಹಲೋ! ಯಾರು? ನಾನು ಓನರ್ರು ಮಾತಾಡೋದು! ಓನರ್ರು! ಏಯ್, ನನ್ ಮಿಲ್ಲಲ್ಲಿ ನನ್ ಕೇಳ್ದೆ ಯಾರಲೇ ಸೀನ್... ಆ... ಆ... ಆಕ್ಷೀ! ಶಿವಾ!"

ಅದು ಸಿದ್ದಲಿಂಗೇಶ. ಕೂದಲೆಳೆ ವ್ಯತ್ಯಾಸವಿಲ್ಲದ ಸಿದ್ದಲಿಂಗೇಶ. ಶೇಂಗಾ ಧೂಳಿಗೆ ಸೀನುವಾಗ ಆ ಎಡಗಣ್ಣು ಮುಚ್ಚುವುದೂ ಅದೇ. ಮದುವೆಯಾದಾಗಿನಿಂದ ತವರಿನವರ ಬಗ್ಗೆ ಒಂದು ಹಗುರ ಮಾತಾಡಗೊಡದವಳು, ತಮ್ಮನ ಫೋಟೋಗೆ ಹೂ ಏರಿಸುವುದೊಂದು ಬಾಕಿ ಇಟ್ಟವಳು, ಈಗ ದಿಂಬು ಕಟ್ಟಿಕೊಂಡು ಸೀನುತ್ತಿದ್ದಾಳೆ! ಶಾಂತವೀರಪ್ಪನ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಬಾಯಿಂದ.

ಟಕ್.

"ಇನ್ನೊಂದು ಸೀರೆ ಹಾಕ್ಕಳ್ರಿ, ಬೇಗ!"

ಮಾವಿನ ಚಿಗುರಿನ ಬಣ್ಣಕ್ಕೆ ಅವಳ ಅವ್ವ ಬಂದಳು, ಹೋಳಿಗೆ ಬಡಿಸುವಾಗ ಅಳಿಯನಿಗೆ ತೆಳ್ಳಗಿನದ್ದು ಹುಡುಕುವ ಅವ್ವ. ಟಕ್. ಈರುಳ್ಳಿ ಸಿಪ್ಪೆ ಬಣ್ಣಕ್ಕೆ ಹೊಸ ಕಾರಿನ ಬಾಗಿಲು ತೆಗೆಯಲು ಬಾರದೆ ಕಿಟಕಿಯಿಂದಿಳಿದ ಸೋದರಮಾವ ಬಂದ. ಟಕ್. ಒಂದೊಂದು ಸೀರೆಗೂ ತವರುಮನೆಯ ಒಂದೊಂದು ಗೋಡೆ ಉರುಳಿತು. ಶಾಂತವೀರಪ್ಪ ಕಣ್ಣೀರು ಸೆರಗಿಗೆ ತಾಗದಂತೆ ತಲೆ ಓರೆ ಮಾಡಿ ನಕ್ಕ. ಎಷ್ಟೋ ವರ್ಷದಿಂದ ಒಳಗೇ ಬಾಕಿ ಉಳಿದಿದ್ದ ನಗು ಅದು.

ಯರ್ರಪ್ಪ ತಂದ ಕೊನೆಯ ಸೀರೆಯ ಹೊತ್ತಿಗೆ ತವರು ಪೂರ್ತಿ ಮುಗಿದಿತ್ತು. ಶಿವಬಸಮ್ಮ ದಿಂಬು ಬಿಸಾಕಿ, ಎದೆ ಉಬ್ಬಿಸಿ, ಕಣ್ಣು ಕಿರಿದು ಮಾಡಿ, ಗಲ್ಲ ತುರಿಸಿಕೊಳ್ಳುತ್ತ ಅಂದಳು. "ನಂಗೆ ಹೇಳ್ಕೊಡ್ತೀಯ? ವಸ್ತು ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ಶಾಂತವೀರಪ್ಪನ ನಗು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಆದರೆ ಕಂಬದ ಹಿಂದಿನಿಂದ ಇಣುಕಿ ನೋಡುತ್ತಿದ್ದ ಯರ್ರಪ್ಪ ಗೊಳ್ಳೆಂದ. ಟಕ್. ಮುಂದೆ ಸೀರೆ ಹೊತ್ತು ಗಂಟುಮುಖದ ಶಾಂತವೀರಪ್ಪ, ಹಿಂದೆ ಕಂಬದಲ್ಲೇ ಮೊಳೆತಂತೆ ನಗುವ ಯರ್ರಪ್ಪ. ಇನ್ನೊಂದು ತೆಗೆಯಲು ಹೊತ್ತಿರಲಿಲ್ಲ. ಕ್ಯಾಮೆರಾದ ಕಾರ್ಡು ಫೋನಿಗೆ ಹಾಕಿ, ಅದನ್ನೂ ಸೇರಿಸಿಯೇ ಶಿವಬಸಮ್ಮ ದಾವಣಗೆರೆಗೆ ಕಳಿಸಿದಳು.

ಕಾಯುವುದು ಅಂದರೆ ಏನು ಅಂತ ಶಾಂತವೀರಪ್ಪನಿಗೆ ಆ ಸಂಜೆ ತಿಳಿಯಿತು. ಟೀ ಆರಿತು. ದೀಪ ಹಚ್ಚಿದರು. ಕೊನೆಗೆ ಫೋನ್ ಬಂತು.

"ಏನ್ರಮ್ಮ, ಎಷ್ಟು ಚೆಂದ ಬಂದಾವೆ ಫೋಟೋ!" ಅಂದರು ಅನ್ನಪೂರ್ಣಮ್ಮ. "ಹೆಗಲ ಮೇಲೆ ನೀಲಿ, ನೆರಿಗೆ ಒಳಗೆ ಹಸಿರು, ಎರಡೂ ಕಾಣ್ತವೆ. ಹಗ್ಗಕ್ಕೆ ಹಾಕಿದ್ರೆ ಎಲ್ಲಿ ಗೊತ್ತಾಗ್ತಿತ್ತು? ಅಷ್ಟೂ ಕಳಿಸ್ರಿ, ಧರ್ಮಾವರ ಬ್ಯಾಡ. ಮತ್ತೆ ನಿಮ್ಮೆಜಮಾನ್ರು! ಏನ್ ನಗ್ತಾರ್ರೀ ಅವ್ರು! ನಮ್ ಮನೇಲೆಲ್ಲ ನೋಡಿ ನೋಡಿ ನಕ್ವಿ. ಬೀಗರ ಗ್ರೂಪಿಗೂ ಹಾಕಿದೀನಿ."

ಶಾಂತವೀರಪ್ಪ ಗೋಡೆಗೊರಗಿ ಉಸಿರು ಬಿಟ್ಟ. ಬಿಟ್ಟ ಉಸಿರು ಅರ್ಧದಲ್ಲೇ ಸಿಕ್ಕಿಕೊಂಡಿತು. "ಬೀಗರ ಗ್ರೂಪಾ? ಯಾವೂರು ಬೀಗರು?"

ಯಾವೂರಾದರೇನು, ಬೀಗರಿಗೆ ಬೀಗರು ಇರುತ್ತಾರೆ. ಎರಡು ದಿನದಲ್ಲಿ ಫೋಟೋ ಚಳ್ಳಕೆರೆ ಮುಟ್ಟಿತು. ಮೂರನೆಯ ದಿನ ಬೆಳಿಗ್ಗೆ ಸಿದ್ದಲಿಂಗೇಶನ ಫೋನ್. ಶಿವಬಸಮ್ಮ ಸ್ಪೀಕರ್ ಹಾಕಿದಳು. ದಿಂಬಿನ ಸುದ್ದಿ ಗೊತ್ತಾಯಿತೇನೋ ಅಂತ ಅವಳ ಮುಖ, ಕುರ್ಚಿಯ ಸುದ್ದಿ ಬಂತೇನೋ ಅಂತ ಆತನ ಮುಖ, ಎರಡೂ ಬಿಳಿಚಿಕೊಂಡವು.

"ಅಕ್ಕ, ಏನಕ್ಕ ಇದು? ಶೇಂಗಾ ತಂದೋರೆಲ್ಲ ಫೋನ್ ಹಿಡ್ಕಂಡು ಬರ್ತಾರೆ, ಇವ್ರು ನಿಮ್ ಭಾವ ಅಲ್ವಾ ಅಂತ. ಆ ಈರುಳ್ಳಿ ಸಿಪ್ಪೆ ಬಣ್ಣ ಹಾಕ್ಕಂಡು, ಬಾಯಿ ಅಷ್ಟಗಲ ಮಾಡ್ಕಂಡು... ಹಮಾಲ್ರು ಚೀಲ ಬಿಟ್ಟು ನಗ್ತಾರಕ್ಕ. ಇವ್ರು ನನ್ ಗೇಟಲ್ಲಿ ಕೂತ್ರೆ ಲಾರಿಯೋರು ತೂಕ ಬಿಟ್ಟು ಫೋಟೋ ತಕ್ಕಂತ ನಿಲ್ತಾರೆ. ಬ್ಯಾಡ. ಆ ಕುರ್ಚಿಗೆ ಬೇರೆಯೋರ್ನ ಇಟ್ಕಂಡೆ. ಭಾವಂಗೆ ನೀನೇ ಮೆತ್ತಗೆ ಹೇಳು, ಬೇಜಾರ್ ಮಾಡ್ಕಬಾರ್ದು ಅಂತ."

"ಹೇಳ್ತೀನಿ ಬಿಡಪ್ಪ" ಅಂದಳು ಶಿವಬಸಮ್ಮ.

ಬೇಜಾರು ಮಾಡಿಕೊಳ್ಳಬೇಕಾದ ಶಾಂತವೀರಪ್ಪ ಆಗಲೇ ಎದ್ದು, ಕೇಸು ಖುಲಾಸೆಯಾದವನ ಹಾಗೆ ಹಿತ್ತಲಿಗೆ ಹೋಗಿ, ಯಾರೂ ಇಲ್ಲದ ಕಡೆ ನಿಂತು, ಕ್ಯಾಮೆರಾ ಇಲ್ಲದಿದ್ದರೂ ನಕ್ಕ.

ಮುಂದಿನ ವಾರ ಅಮರೇಶ ಒಂದು ಗುಂಡಿ ಒತ್ತಿ ಗೂಡಿನಕ್ಷರ ಓಡಿಸಿ, ಇನ್ನೊಂದು ಒತ್ತಿ ನಗುವಿನ ಹಟ ಬಿಡಿಸಿದ. ಶಾಂತವೀರಪ್ಪ ಮೀಸೆ ತಿರುವುತ್ತ ಮನೆಗೆ ಬಂದು, ಇನ್ನು ಮೇಲೆ ಹಗ್ಗವೇ ಸಾಕು, ತಾನು ಕ್ಯಾಮೆರಾದ ಹಿಂದೆ ನಿಲ್ಲುವವನು ಅಂತ ಘೋಷಿಸಿದ. ಹಗ್ಗದ ಫೋಟೋ ಹೋದವು. ಗಿರಾಕಿಗಳಿಂದ ಬಂದ ಉತ್ತರ ಎಲ್ಲ ಒಂದೇ: 'ಯಜಮಾನರು ಎಲ್ಲಿ? ಇದು ಅದೇ ಅಂಗಡಿಯಾ? ಯಾರೋ ಮೋಸದವರ ಹಾಗೆ ಕಾಣುತ್ತದೆ.'

ಹಾಗಾಗಿ ಈಗ ದಿನಾ ಬೆಳಿಗ್ಗೆ ಪೂಜೆ, ತಿಂಡಿ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶಾಂತವೀರಪ್ಪ ಕಿಟಕಿಯ ಬೆಳಕಿಗೆ ಬಂದು ನಿಲ್ಲುತ್ತಾನೆ. ಕ್ಯಾಮೆರಾ ಶಿವಬಸಮ್ಮನ ಕೈಯಲ್ಲಿ. ಮೊನ್ನೆ ಬಳ್ಳಾರಿಯ ಗಿರಾಕಿಯೊಬ್ಬಳು ಹೊಸ ಬೇಡಿಕೆ ಇಟ್ಟಳು.

"ರೀ, ಶರ್ಟಿನ ತೋಳು ಮಡಚ್ರಿ" ಅಂದಳು ಶಿವಬಸಮ್ಮ ಫೋನ್ ಓದುತ್ತ. "ಬ್ಲೌಸ್ ಪೀಸು ತೋಳಿಗೆ ಹೆಂಗೆ ಕಾಣ್ತೈತೆ ಅಂತ ನೋಡ್ಬೇಕಂತೆ."

ಶಾಂತವೀರಪ್ಪ ಗೋಡೆ ಗಡಿಯಾರ ನೋಡಿದ. ಚಳ್ಳಕೆರೆಯಲ್ಲಿ ಈ ಹೊತ್ತಿಗೆ ಮೊದಲ ಲಾರಿ ಬಂದಿರುತ್ತದೆ, ಗೇಟಿನಲ್ಲಿ ಯಾರೋ ಪಾಪ ಎದ್ದು ನಿಂತಿರುತ್ತಾನೆ. ಶಾಂತವೀರಪ್ಪ ಅಂಗಿಯ ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸತೊಡಗಿದ.

"ಗಿಡ್ಡ ತೋಳೋ, ಮೊಣಕೈತನಕನೋ, ಕೇಳು."